ಕೈಗೆ ಹತ್ತಿದ್ದೇ ಸ್ಫೂರ್ತಿ

ಚಿತ್ರಕಾರನಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಮೂರು ಉತ್ತರಗಳು ಸಿದ್ಧವಾಗಿವೆ. ಅದು ಹುಟ್ಟಿನಿಂದ ಬಂದ ದೈವದತ್ತ ಪ್ರತಿಭೆ ಎನ್ನುವವರಿದ್ದಾರೆ. ನಿಸರ್ಗದ ಚೆಲುವು ಮನಸ್ಸನ್ನು ತಟ್ಟಿದಾಗ ಚಿತ್ರ ಹುಟ್ಟುತ್ತದೆ ಎನ್ನುವವರಿದ್ದಾರೆ. ನೋವು ಉಂಡವನೇ ಕಲಾವಿದನಾಗುತ್ತಾನೆ ಎಂದು ನಂಬಿದವರೂ ಕಡಿಮೆಯಿಲ್ಲ. ಮೂರರಲ್ಲೂ ಸತ್ಯದ ಅಂಶವಿದೆ. ಆದರೆ ಈ ಮೂರೂ ಚಿತ್ರಕಾರನನ್ನು ಏನೋ ಬಂದು ತಾಗುವವರೆಗೆ ಕಾದು ಕೂತವನನ್ನಾಗಿ ನೋಡುತ್ತವೆ. ಅವನು ಆ ಹೊತ್ತಿಗೆ ಮೊದಲು ಏನು ಮಾಡುತ್ತಿದ್ದ, ಯಾವುದನ್ನು ಕಲಿಯುತ್ತಿದ್ದ, ಎಷ್ಟು ಹಾಳೆ ಹರಿದ ಎಂಬುದು ಈ ಉತ್ತರಗಳೊಳಗೆ ಬರುವುದೇ ಇಲ್ಲ.

ಕರ್ನಾಟಕದ ಚಿತ್ರಕಾರರ ಬದುಕು ಮತ್ತು ಕೆಲಸವನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಬೇರೆಯೇ. ಕಣ್ಣಿಗೆ ಬಿದ್ದದ್ದೆಲ್ಲ ಚಿತ್ರವಾಗುವುದಿಲ್ಲ. ಕಂಡದ್ದು ಮೈಗೆ ಇಳಿದು, ಅಭ್ಯಾಸದಲ್ಲಿ ಪಳಗಿ, ಕೈಗೆ ಹತ್ತಬೇಕು. ಹಾಗೆ ಹತ್ತುವುದಕ್ಕೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ: ಒಬ್ಬರು ಶ್ಲೋಕ, ಒಬ್ಬರು ಮದುವೆಯ ಗೋಡೆ, ಒಬ್ಬರು ನೃತ್ಯದ ಗೆಜ್ಜೆ, ಇನ್ನೊಬ್ಬರು ಕನ್ನಡದ ಒಂದು ಕವಿತೆ. ಸ್ಫೂರ್ತಿಯ ಮೂಲ ಹುಡುಕುವವರು ಆ ದಾರಿಗಳನ್ನು ನೋಡಬೇಕು.

ನೋವಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ ವಾನ್ ಗೋ. ಅವನು ಸೇಂಟ್ ರೆಮಿಯ ಮನೋರೋಗಿಗಳ ಆಶ್ರಯದಲ್ಲಿದ್ದ ಒಂದು ವರ್ಷದಲ್ಲಿ ಸುಮಾರು 150 ಚಿತ್ರ ಬರೆದ ಎಂಬುದು ನಿಜ. ‘ನಕ್ಷತ್ರಗಳ ರಾತ್ರಿ’ಯೂ ಅಲ್ಲಿಯದೇ, 1889ರ ಜೂನ್ ತಿಂಗಳದು. ಆದರೆ ಅದೇ ವರ್ಷದ ಜುಲೈಯಲ್ಲಿ ಕಾಯಿಲೆ ಮರುಕಳಿಸಿದಾಗ ವಾರಗಟ್ಟಲೆ ಅವನು ಕುಂಚ ಹಿಡಿಯಲಾಗಲಿಲ್ಲ. ಬರೆದದ್ದು ಬಹುಪಾಲು ಕಾಯಿಲೆ ಬಿಟ್ಟುಕೊಟ್ಟ ದಿನಗಳಲ್ಲಿ. ಹೊರಗೆ ಹೋಗಲಾಗದಿದ್ದಾಗ ಏನು ಮಾಡಿದ? ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳ ಅಚ್ಚುಪ್ರತಿಗಳನ್ನು ಎದುರಿಗಿಟ್ಟುಕೊಂಡು ತನ್ನ ಬಣ್ಣದಲ್ಲಿ ಮತ್ತೆ ಬರೆದ. ಕಲಿಯುವ ಹುಡುಗರು ಮಾಡುವ ನಕಲಿನ ಕೆಲಸವನ್ನೇ ಆ ಮಹಾ ಕಲಾವಿದ ಕಷ್ಟಕಾಲದಲ್ಲಿ ಕೈಬಿಡದೆ ಹಿಡಿದ. ನೋವು ಅವನನ್ನು ತಡೆದು ನಿಲ್ಲಿಸಿತು, ಕೈಯ ರೂಢಿ ಅವನನ್ನು ಮತ್ತೆ ಚಿತ್ರದ ಹತ್ತಿರ ಕರೆತಂದಿತು. ಕಲಾವಿದನ ಸಂಕಟವನ್ನು ವೈಭವೀಕರಿಸುವ ಮಾತು ಕೇಳಿದಾಗಲೆಲ್ಲ ನನಗೆ ಈ ನಕಲುಗಳು ನೆನಪಾಗುತ್ತವೆ.

ನಮ್ಮ ನಾಡಿಗೆ ಬಂದರೆ, ಸ್ಫೂರ್ತಿ ಎಂಬ ಮಾತನ್ನೇ ಎತ್ತದೆ ನೂರಾರು ವರ್ಷ ಚಿತ್ರ ಬರೆದ ಮನೆತನಗಳಿವೆ. ಮೈಸೂರು ಸಂಪ್ರದಾಯದ ಚಿತ್ರಗಾರನಿಗೆ ಬರೆಯಬೇಕಾದ ದೇವರು ಯಾರು, ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣ ಯಾವುದು ಎಂಬುದೆಲ್ಲ ಧ್ಯಾನಶ್ಲೋಕದಲ್ಲೇ ಹೇಳಿಯಾಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಅಂಥ ಶ್ಲೋಕಗಳನ್ನೂ ಅವುಗಳ ಚಿತ್ರಗಳನ್ನೂ ಒಂಬತ್ತು ನಿಧಿಗಳಾಗಿ ಒಟ್ಟುಮಾಡಿದ ದೊಡ್ಡ ಸಂಗ್ರಹ. ಚಿತ್ರಗಾರ ಶ್ಲೋಕವನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಮನಸ್ಸಿನಲ್ಲಿ ಮೂರ್ತಿ ನಿಂತ ಮೇಲೆ ಹುಣಸೆ ಕಡ್ಡಿ ಸುಟ್ಟು ಮಾಡಿದ ಇದ್ದಿಲಿನಿಂದ ರೇಖೆ ಎಳೆಯುತ್ತಿದ್ದ. ಮೊದಲು ಆಕಾಶ, ಬೆಟ್ಟ, ನೀರು. ಆಮೇಲೆ ಪ್ರಾಣಿ, ಮನುಷ್ಯರು. ಆಮೇಲೆ ಮುಖ, ಉಡುಗೆ, ಒಡವೆ. ಸಫೇದ, ಗೋಂದು, ರೇವಲ್‌ಚಿನ್ನಿ ಹಾಲು ಸೇರಿಸಿ ಅರೆದ ಮುದ್ದೆಯಿಂದ ಒಡವೆಗಳನ್ನು ಸಣ್ಣಗೆ ಉಬ್ಬಿಸಿ ಅದರ ಮೇಲೆ ಚಿನ್ನದ ರೇಕು ಕೂರಿಸುವುದು ಕೊನೆಗೆ. ಅಳಿಲಿನ ಕೂದಲ ಕುಂಚಕ್ಕೂ ಬಾರದ ಎಳೆಗಳಿಗೆ ಮೊನಚಾದ ಹುಲ್ಲುಕಡ್ಡಿ ಬಳಸುತ್ತಿದ್ದರಂತೆ.

ಎಲ್ಲ ಹೇಳಿಯಾದ ಮೇಲೆ ಚಿತ್ರಗಾರನಿಗೆ ಉಳಿಯಿತೇನು ಎಂದು ಇಂದಿನವರು ಕೇಳಬಹುದು. ಉಳಿದದ್ದು ಬಹಳ. ಒಂದೇ ಶ್ಲೋಕದಿಂದ ಹೊರಟ ಎರಡು ರಾಜರಾಜೇಶ್ವರಿಯರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ಕೈಗಳ ಲೆಕ್ಕ ಒಂದೇ, ಆಯುಧ ಒಂದೇ. ಆದರೆ ರೆಪ್ಪೆಯ ಇಳಿತ, ತುಟಿಯ ಅಂಚು, ಕೊರಳು ಬಾಗಿದ ಬಗೆ ಬೇರೆ. ಒಬ್ಬಳು ಎದುರಿಗಿದ್ದವನನ್ನು ನೋಡುತ್ತಾಳೆ, ಇನ್ನೊಬ್ಬಳು ತನ್ನೊಳಗೇ ನೋಡಿಕೊಳ್ಳುತ್ತಾಳೆ. ಈ ವ್ಯತ್ಯಾಸ ಬಂದದ್ದು ಎಲ್ಲವನ್ನೂ ಮೊದಲೇ ನಿರ್ಧರಿಸಿದ ಚೌಕಟ್ಟಿನ ಒಳಗೇ. ಏನು ಬರೆಯಲಿ ಎಂಬ ಚಿಂತೆ ಇಲ್ಲದ ಕೈಗೆ ಹೇಗೆ ಬರೆಯಲಿ ಎಂಬುದಕ್ಕೆ ಪೂರ್ತಿ ಬಿಡುವು ಸಿಕ್ಕಿತ್ತು.

ಮಲೆನಾಡಿನ ಸಾಗರ, ಸೊರಬ, ಸಿದ್ದಾಪುರದ ಕಡೆ ದೀವರ ಸಮುದಾಯದ ಹೆಂಗಸರು ಬರೆಯುವ ಚಿತ್ತಾರವನ್ನು ಈ ಸಾಲಿನಲ್ಲಿ ಸೇರಿಸದೆ ಚಿತ್ರದ ಚರಿತ್ರೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಸ್ಫೂರ್ತಿಗೆ ದಿನವಿದೆ, ಗಳಿಗೆಯಿದೆ: ಮದುವೆ ನಿಶ್ಚಯವಾದರೆ ಹಸೆಗೋಡೆಗೆ ಚಿತ್ತಾರ ಬರಲೇಬೇಕು, ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ಸಿಂಗಾರಗೊಳ್ಳಲೇಬೇಕು. ಬಣ್ಣ ನಾಲ್ಕೇ. ಗೋಡೆಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಹುರಿದು ಕರಿದಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಬಣ್ಣದಲ್ಲಿ ಅದ್ದಿದ ಆ ನಾರನ್ನು ಗೋಡೆಯ ಮೇಲೆ ಒತ್ತದೆ, ಎತ್ತದೆ, ಒಂದೇ ಉಸಿರಿನಲ್ಲಿ ಎಳೆದುಕೊಂಡು ಹೋಗಬೇಕು. ಕೈ ಅಳುಕಿದರೆ ಎಳೆ ದಪ್ಪವಾಗುತ್ತದೆ, ತಡೆದರೆ ಬಣ್ಣ ಇಳಿಯುತ್ತದೆ. ನೂರಾರು ಎಳೆಗಳು ಸೇರಿ ಬಾಸಿಂಗ, ಏಣಿ, ಮದುಮಕ್ಕಳು, ದಂಡಿಗೆ ಮೂಡುತ್ತವೆ. ಅಜ್ಜಿಯ ಪಕ್ಕ ನಿಂತು ಹುಡುಗಿ ಮೊದಲು ಚುಕ್ಕಿ ಇಡುತ್ತಾಳೆ, ಆಮೇಲೆ ಅಂಚು ತುಂಬುತ್ತಾಳೆ, ಎಷ್ಟೋ ಮದುವೆಗಳಾದ ಮೇಲೆ ನಡುವಿನ ಎಳೆ ಎಳೆಯುವ ಅಧಿಕಾರ ಸಿಗುತ್ತದೆ.

ಈಚಿನ ವರ್ಷಗಳಲ್ಲಿ ಚಿತ್ತಾರ ಕಾಗದಕ್ಕೆ, ಬಟ್ಟೆಗೆ, ಚೌಕಟ್ಟಿಗೆ ಬಂದಿದೆ. ಅದರಿಂದ ಬರೆಯುವವರಿಗೆ ನಾಲ್ಕು ಕಾಸು ಸಿಗುತ್ತದೆ, ಹೆಸರೂ ಬರುತ್ತದೆ, ಇದು ಒಳ್ಳೆಯದೇ. ಆದರೆ ಗೋಡೆಯಲ್ಲಿ ಬರೆಯುವಾಗ ಹಿಂದೆ ಹಾಡು ಇರುತ್ತಿತ್ತು, ಮುಂದೆ ಮದುವೆಯ ದಿನ ಇರುತ್ತಿತ್ತು. ಕಾಗದದಲ್ಲಿ ಬರೆಯುವವಳು ಆ ಎರಡನ್ನೂ ತನ್ನೊಳಗಿಂದಲೇ ಒದಗಿಸಿಕೊಳ್ಳಬೇಕು. ಈ ಬದಲಾವಣೆಯನ್ನು ದೀವರ ಹೆಂಗಸರು ಹೇಗೆ ನಿಭಾಯಿಸುತ್ತಿದ್ದಾರೆ ಎಂಬುದು ಆಧುನಿಕ ಕಲೆಯ ಯಾವ ಚರ್ಚೆಗೂ ಕಡಿಮೆಯಾದ ವಿಷಯವಲ್ಲ.

ಮೈಸೂರಿನ ಚಿತ್ರಗಾರ ಮನೆತನದಲ್ಲೇ ಹುಟ್ಟಿ ಅಲ್ಲಿಂದ ಹೊರಟು ಬಲುದೂರ ಹೋದವರು ಕೆ. ವೆಂಕಟಪ್ಪ. ಕಲ್ಕತ್ತೆಯ ಸರಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾದರು. ನಂದಲಾಲ್ ಬೋಸ್ ಅವರ ಸಹಪಾಠಿ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುರಾಣಕಥೆಗಳ ಪುಸ್ತಕಕ್ಕೆ ರಾಮಾಯಣದ ಚಿತ್ರಗಳನ್ನು ಬರೆದುಕೊಟ್ಟಾಗ ಅವರಿನ್ನೂ ವಿದ್ಯಾರ್ಥಿ. ಆ ಶಾಲೆ ಕಲಿಸಿದ್ದು ವಾಶ್ ಪದ್ಧತಿ: ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ಅದ್ದಿ, ಮತ್ತೆ ಹಚ್ಚಿ, ಮತ್ತೆ ತೊಳೆದು, ಬಣ್ಣ ಕಾಗದದೊಳಗೆ ಇಂಗಿ ಮಬ್ಬಾಗುವವರೆಗೆ ಕಾಯುವುದು. ಜಪಾನಿನ ಕಲಾವಿದರ ಸಹವಾಸದಿಂದ ಅವನೀಂದ್ರನಾಥರು ರೂಢಿಸಿಕೊಂಡದ್ದು ಅದು. ಅದರಲ್ಲಿ ಪುರಾಣವೆಲ್ಲ ಕನಸಿನಂತೆ ತೇಲುತ್ತದೆ.

ವೆಂಕಟಪ್ಪನವರ ದೊಡ್ಡ ಸಾಧನೆ ನನ್ನ ದೃಷ್ಟಿಯಲ್ಲಿ ಆ ಪುರಾಣಚಿತ್ರಗಳಲ್ಲಿಲ್ಲ. ಅದು ಮುಂದೆ ಮೈಸೂರಿಗೆ ಮರಳಿದ ಮೇಲೆ ಊಟಿ ಮತ್ತು ಕೊಡೈಕೆನಾಲಿನಲ್ಲಿ ಬರೆದ ಜಲವರ್ಣಗಳಲ್ಲಿದೆ. ಅಲ್ಲಿಯೂ ಮಂಜಿದೆ. ಆದರೆ ಈ ಮಂಜು ಕನಸಿನ ಮಬ್ಬಲ್ಲ, ಒಂದು ದಿನದ ಒಂದು ಹೊತ್ತಿನದು. ಬಿಸಿಲು ಯಾವ ಕಡೆಯಿಂದ ಬಂದಿದೆ, ಮೋಡ ಇನ್ನೆಷ್ಟು ಹೊತ್ತು ನಿಲ್ಲುತ್ತದೆ, ಬೆಟ್ಟದ ಯಾವ ಮಡಿಕೆ ಇನ್ನೂ ಒದ್ದೆಯಾಗಿದೆ ಎಂದು ಹೇಳಬಹುದಾದಷ್ಟು ಖಚಿತ. ಇಷ್ಟು ಖಚಿತವಾಗಿ ನೋಡುವುದಕ್ಕೆ ಬೆಟ್ಟದ ಚೆಲುವಷ್ಟೇ ಸಾಲದು, ಚೆಲುವು ಪ್ರವಾಸಿಗರಿಗೂ ಕಾಣುತ್ತದೆ. ನೀರು ಮತ್ತು ಬಣ್ಣ ಕಾಗದದ ಮೇಲೆ ಹೇಗೆ ಹರಡುತ್ತವೆ, ಯಾವಾಗ ನಿಲ್ಲುತ್ತವೆ ಎಂದು ವರ್ಷಗಟ್ಟಲೆ ಕಲ್ಕತ್ತೆಯಲ್ಲಿ ಕಲಿತ ಕೈ ಆ ಬೆಟ್ಟದ ಮಂಜಿನಲ್ಲಿ ತನಗೆ ಸರಿಯಾದ ವಸ್ತುವನ್ನು ಗುರುತಿಸಿಕೊಂಡಿತು. ವಸ್ತು ಸಿಕ್ಕಮೇಲೆ ಅದಕ್ಕೆ ತಕ್ಕ ತಂತ್ರ ಹುಡುಕುವುದು ಎಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಇಲ್ಲಿ ತಂತ್ರ ಮೊದಲು ಬಂದು, ತನ್ನ ವಸ್ತುವಿಗಾಗಿ ಕಾದಿತ್ತು.

ವೀಣೆಯ ಕತೆ ಇದಕ್ಕಿಂತ ತೊಡಕಿನದು. ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ಪಾಠಕ್ಕೆ ನಿಂತರು. ಅವರ ಸ್ವಭಾವದಲ್ಲಿ ಅರ್ಧ ಮನಸ್ಸಿನ ಕೆಲಸ ಇರಲಿಲ್ಲ. ಬ್ರಹ್ಮಚಾರಿ, ಮಿತಭಾಷಿ, ಶಿಸ್ತಿನ ಮನುಷ್ಯ, ದಿನಚರಿ ತಪ್ಪದೆ ಬರೆದವರು. ವೀಣೆಗೆ ಕೂತರೆ ವೀಣೆಯೇ. ಸಂಗೀತ ಅವರ ಚಿತ್ರವನ್ನು ಬೆಳೆಸಿತು ಎಂದು ಹೇಳಿಬಿಡುವುದು ಸುಲಭ, ಆದರೆ ನಿಜವಾಗಿ ಅದು ಅವರ ಹೊತ್ತನ್ನೂ ಮನಸ್ಸನ್ನೂ ಚಿತ್ರದಿಂದ ಕಸಿದುಕೊಂಡಿತು. ವೀಣೆಯ ಆ ಹುಚ್ಚನ್ನೇ ವಸ್ತುವಾಗಿಸಿ ಅವರು ಒಂದು ಚಿತ್ರವನ್ನೂ ಬರೆದಿದ್ದಾರೆ. ಎರಡು ಕಲೆಗಳ ನಡುವೆ ಸಿಕ್ಕಿಕೊಂಡ ತನ್ನನ್ನೇ ತಾನು ಅಷ್ಟು ನೇರವಾಗಿ ನೋಡಿಕೊಂಡ ಚಿತ್ರ ನಮ್ಮಲ್ಲಿ ಇನ್ನೊಂದು ಇರಲಾರದು. ಒಂದು ಕಲೆ ಇನ್ನೊಂದಕ್ಕೆ ಸದಾ ಪೋಷಕ ಎಂದು ನಂಬಿದವರು ವೆಂಕಟಪ್ಪನವರನ್ನು ಮರೆಯಬಾರದು. ಕೆಲವು ಸಲ ಎರಡು ಸಾಧನೆಗಳು ಒಂದೇ ಬೆಳಗಿನ ಜಾವಕ್ಕಾಗಿ ಜಗಳವಾಡುತ್ತವೆ.

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರಲ್ಲಿ ಇನ್ನೊಂದು ಕಲೆಗೆ ಕೈಹಾಕುವ ಇದೇ ಬಗೆಯ ಪ್ರಯೋಗ ಪೂರ್ತಿ ಫಲ ಕೊಟ್ಟಿತು, ಅದಕ್ಕಾಗಿ ಅವರ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದರು. ಅಪ್ಪ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದರು. ಜೇಡಿಮಣ್ಣು ಬೆರಳಿನ ಒತ್ತಿಗೆ ಹೇಗೆ ಬಾಗಿ ಹೊಟ್ಟೆಯಾಗುತ್ತದೆ, ಸೊಂಡಿಲಾಗುತ್ತದೆ ಎಂದು ಮನೆಯ ಜಗಲಿಯಲ್ಲೇ ನೋಡಿ ಬೆಳೆದ ಹುಡುಗ. ರಾತ್ರಿ ಗದ್ದೆಯ ಬಯಲಿನಲ್ಲಿ ಯಕ್ಷಗಾನ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ವಿದ್ಯಾಲಯದಲ್ಲಿ ಕೆಲಕಾಲ ಕಲಿತು ಮುಂಬಯಿಗೆ ಹೋದರು. 1938ರಲ್ಲಿ ಜೆ.ಜೆ. ಕಲಾಶಾಲೆಯ ಡಿಪ್ಲೊಮಾ ಪಡೆದು ಮುಂದೆ ಅಲ್ಲೇ ಅಧ್ಯಾಪಕರೂ ಆದರು.

ಆ ಶಾಲೆ ಕಲಿಸಿದ್ದು ಬ್ರಿಟಿಷ್ ಮಾದರಿಯ ಯಥಾವತ್ ಚಿತ್ರಣ. ಕೈ ಪಳಗಿತು, ಮನಸ್ಸು ತುಂಬಲಿಲ್ಲ. ಆಗ ಕಣ್ಣಿಗೆ ಬಿದ್ದವು ಅಮೃತಾ ಶೇರ್‌ಗಿಲ್ ಅವರ ಚಿತ್ರಗಳು. ಭಾರತೀಯ ಜೀವನವನ್ನು ಪಶ್ಚಿಮದ ಎಣ್ಣೆಬಣ್ಣದಲ್ಲಿ ಹೀಗೂ ಬರೆಯಬಹುದು ಎಂದು ಅವು ತೋರಿಸಿದವು. ಇನ್ನೊಂದು ಕಡೆಯಿಂದ ಜೈನ ಹಸ್ತಪ್ರತಿಗಳ ಪುಟ್ಟ ಚಿತ್ರಗಳು ಚಪ್ಪಟೆ ಬಣ್ಣವನ್ನೂ ಚೂಪು ರೇಖೆಯನ್ನೂ ಕಲಿಸಿದವು. ಕೇರಳದ ಪ್ರವಾಸದಿಂದ ಬೆಚ್ಚನೆಯ ಬೆಳಕಿನ ಒಂದು ಸಾಲು ಚಿತ್ರಗಳು ಬಂದವು. 1949–50ರಲ್ಲಿ ಪ್ಯಾರಿಸಿನ ಜೂಲಿಯನ್ ಅಕಾಡೆಮಿಗೆ ಹೋದಾಗ ಅವರು ಹೆಸರಾದ ಕಲಾವಿದ. ಆದರೂ ಮತ್ತೆ ವಿದ್ಯಾರ್ಥಿಗಳ ಸಾಲಿನಲ್ಲಿ ಕೂತರು. ಹೀಗೆ ಕೊಂಡು ತಂದದ್ದೆಲ್ಲ ಅವರಲ್ಲಿ ಒಂದೊಂದು ಅವಧಿಗೆ ಎದ್ದು ಕಾಣುತ್ತದೆ, ಆಮೇಲೆ ಒಳಗೆ ಕರಗುತ್ತದೆ. ‘ಇವರ ಮೇಲೆ ಯಾರ ಪ್ರಭಾವ’ ಎಂದು ಪಟ್ಟಿ ಮಾಡುವ ವಿಮರ್ಶೆ ಆ ಎದ್ದು ಕಾಣುವ ಹಂತದಲ್ಲೇ ನಿಂತುಬಿಡುತ್ತದೆ. ಕರಗಿದ ಮೇಲೆ ಏನಾಯಿತು ಎಂಬಲ್ಲಿಂದ ಹೆಬ್ಬಾರರ ನಿಜವಾದ ಕತೆ ಶುರು.

ಲಯವನ್ನು ರೇಖೆಯಲ್ಲಿ ಹಿಡಿಯಬೇಕೆಂಬ ಹಂಬಲ ಹತ್ತಿದಾಗ ಅವರು ನೃತ್ಯಗಾರರ ಎದುರು ಕೂತು ಸ್ಕೆಚ್ ಮಾಡುವುದಷ್ಟಕ್ಕೇ ನಿಲ್ಲಲಿಲ್ಲ. ಪಂಡಿತ್ ಸುಂದರ್ ಪ್ರಸಾದ್ ಅವರಲ್ಲಿ ಸ್ವತಃ ಕಥಕ್ ಕಲಿತರು. ಆ ವಯಸ್ಸಿನಲ್ಲಿ, ಆ ಹೆಸರು ಬಂದ ಮೇಲೆ, ರಂಗಕ್ಕೇರುವ ಯಾವ ಉದ್ದೇಶವೂ ಇಲ್ಲದೆ, ಕಾಲಿಗೆ ಗೆಜ್ಜೆ ಕಟ್ಟಿ ತತ್ಕಾರವೆಂಬ ಕಾಲ್ಹೆಜ್ಜೆಯಿಂದ ಪಾಠ ಶುರುಮಾಡುವುದು ಸಣ್ಣ ಮಾತಲ್ಲ. ಸ್ಫೂರ್ತಿಯ ಬಗ್ಗೆ ನನಗೆ ಗೊತ್ತಿರುವ ಎಲ್ಲ ಸಂಗತಿಗಳಲ್ಲಿ ಇದು ಅತ್ಯಂತ ಮುಖ್ಯವಾದದ್ದು.

ಅವರ ರೇಖಾಚಿತ್ರಗಳ ಪುಸ್ತಕ ‘ದಿ ಸಿಂಗಿಂಗ್ ಲೈನ್’ 1964ರಲ್ಲಿ ಬಂತು. ಅಂಥ ಒಂದು ನರ್ತಕಿಯ ಚಿತ್ರವನ್ನು ತೆಗೆದುಕೊಂಡು ನಿಧಾನವಾಗಿ ನೋಡಿ. ರೇಖೆ ಹಿಮ್ಮಡಿಯ ಹತ್ತಿರ ಹುಟ್ಟುತ್ತದೆ. ಮೀನಖಂಡದ ಉಬ್ಬಿನ ಮೇಲೆ ತುಸು ದಪ್ಪವಾಗಿ, ಮೊಣಕಾಲಿನಲ್ಲಿ ತೆಳ್ಳಗಾಗಿ, ಸೊಂಟಕ್ಕೆ ಬಂದು ಸರಕ್ಕನೆ ಹೊರಳುತ್ತದೆ. ಬೆನ್ನಿನ ಗೆರೆ ಪೂರ್ತಿಯಿಲ್ಲ. ಹೆಗಲಿನ ಹತ್ತಿರ ರೇಖೆ ಕಾಗದ ಬಿಟ್ಟು ಮೇಲೆದ್ದಿದೆ, ಚಾಚಿದ ತೋಳಿನಲ್ಲಿ ಮತ್ತೆ ಇಳಿದಿದೆ. ಬಿಟ್ಟ ಜಾಗವನ್ನು ನಮ್ಮ ಕಣ್ಣು ತುಂಬಿಕೊಳ್ಳುತ್ತದೆ. ಕಥಕ್‌ನಲ್ಲಿ ಚಕ್ಕರ್ ಹೊಡೆಯುತ್ತ ಬಂದ ನರ್ತಕಿ ತಾಳದ ಆವರ್ತ ಮೊದಲಾಗುವ ಸಮ್ ಬಂದ ಕ್ಷಣ ಗಕ್ಕನೆ ನಿಲ್ಲುತ್ತಾಳೆ. ಮೈ ನಿಂತರೂ ಸುತ್ತಿದ ವೇಗ ಅವಳ ಲಂಗದಲ್ಲಿ, ನೋಡುವವರ ಕಣ್ಣಲ್ಲಿ ಇನ್ನೂ ಓಡುತ್ತಿರುತ್ತದೆ. ಹೆಬ್ಬಾರರ ರೇಖೆ ನಿಲ್ಲುವುದೂ ಹಾಗೆಯೇ. ಎಲ್ಲಿ ನಿಲ್ಲಬೇಕೆಂಬ ಈ ತಿಳಿವಳಿಕೆ ನೋಡುವುದರಿಂದ ಬಾರದು. ತನ್ನದೇ ಕಾಲು ತಾಳ ತಪ್ಪಿ, ಗುರುವಿನ ಎದುರು ಮತ್ತೆ ಮೊದಲಿನಿಂದ ಹಾಕಿದವನಿಗೆ ಮಾತ್ರ ಸಮ್ ಎಂದರೆ ಏನೆಂದು ಮೈಯಲ್ಲಿ ಗೊತ್ತಿರುತ್ತದೆ.

ಹಾಗೆಂದು ಊರು ಅವರನ್ನು ಬಿಡಲಿಲ್ಲ. ಕೋಳಿ ಅಂಕ, ನಾಗಮಂಡಲ, ಗದ್ದೆಯ ಕೆಲಸ, ಬಯಲಾಟದ ಕಿರೀಟಗಳು ಅವರ ಎಣ್ಣೆಚಿತ್ರಗಳಲ್ಲಿ ಮತ್ತೆ ಮತ್ತೆ ಬಂದವು. ಬರೆದದ್ದು ಮುಂಬಯಿಯಲ್ಲಿ ಕೂತು. ಎದುರಿಗೆ ಕೋಳಿಯೂ ಇಲ್ಲ, ಅಂಕವೂ ಇಲ್ಲ. ದೂರ ಹೋದದ್ದರಿಂದ ವಿವರಗಳು ಉದುರಿ ಚಲನೆ ಮಾತ್ರ ಉಳಿಯಿತು ಎಂದು ನನಗನಿಸುತ್ತದೆ. ತುಳುನಾಡಿನಲ್ಲೇ ಉಳಿದಿದ್ದರೆ ಯಾವ ಕೋಳಿಯ ರೆಕ್ಕೆಗೆ ಯಾವ ಬಣ್ಣ ಎಂಬುದರಲ್ಲೇ ಕೈ ಸಿಕ್ಕಿಕೊಳ್ಳುತ್ತಿತ್ತೇನೋ. ಕೊನೆಕೊನೆಯ ದಶಕಗಳಲ್ಲಿ ಅಲಗಿನಿಂದ ಬಣ್ಣವನ್ನು ದಪ್ಪನೆ ಹಚ್ಚಿ, ಪದರದ ಮೇಲೆ ಪದರ ಕೂರಿಸಿದ ಚಿತ್ರಗಳಲ್ಲಿ ರೇಖೆ ಮರೆಯಾಗಿದೆ, ಆದರೆ ಅದೇ ಲಯ ಬಣ್ಣದ ರಾಶಿಗಳ ಏರಿಳಿತದಲ್ಲಿ ಉಳಿದಿದೆ. ಮಣ್ಣಿನ ಗಣಪತಿಯ ಮೇಲೆ ಓಡಿದ ಅಪ್ಪನ ಬೆರಳುಗಳು ಅಲ್ಲಿ ಮಗನ ಕೈಗೆ ಮರಳಿ ಬಂದಂತೆ ಕಾಣುತ್ತವೆ.

ನಿಸರ್ಗವೇ ಸ್ಫೂರ್ತಿ ಎನ್ನುವವರಿಗೆ ಆಧಾರ ಬೇಕಾದರೆ ರುಮಾಲೆ ಚನ್ನಬಸವಯ್ಯನವರಿಗಿಂತ ದೊಡ್ಡ ಹೆಸರು ಇಲ್ಲ. ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ಗಾಂಧಿವಾದಿ, ಸ್ವಾತಂತ್ರ್ಯ ಹೋರಾಟಗಾರ. ಎಳವೆಯಲ್ಲಿ ಕಲಿತ ಚಿತ್ರಕಲೆಯನ್ನು ಚಳವಳಿ, ಪತ್ರಿಕೆ, ರಾಜಕಾರಣಗಳಿಗಾಗಿ ದಶಕಗಟ್ಟಲೆ ಬದಿಗಿಟ್ಟು, ಐವತ್ತು ದಾಟಿದ ಮೇಲೆ 1960ರ ದಶಕದಲ್ಲಿ ಮತ್ತೆ ಕೈಗೆತ್ತಿಕೊಂಡರು. ಬೆಂಗಳೂರಿನ ಹೂಮರಗಳ ಕೆಳಗೆ, ಬಿಸಿಲಿನಲ್ಲೇ ನಿಂತು ಬರೆದರು. ಗುಲ್‌ಮೊಹರ್, ಜಕರಂಡ, ತಬೆಬುಯ ಅವರ ಕ್ಯಾನ್‌ವಾಸಿನಲ್ಲಿ ಹೊತ್ತಿ ಉರಿಯುತ್ತವೆ.

ಆದರೆ ಆ ಹೂಗಳು ಕೂಡ ತಾವಾಗಿ ಅಲ್ಲಿ ಬಂದವಲ್ಲ. ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ನಗರದಲ್ಲಿ ಯಾವುದಾದರೊಂದು ಬೀದಿ ಹೂಬಿಟ್ಟಿರಬೇಕು ಎಂದು ಲಾಲ್‌ಬಾಗಿನ ಜರ್ಮನ್ ತೋಟಗಾರ ಕ್ರುಂಬಿಗಲ್ ಲೆಕ್ಕ ಹಾಕಿ ಬೇರೆಬೇರೆ ದೇಶಗಳ ಮರಗಳನ್ನು ತಂದು ನೆಡಿಸಿದ್ದರು. ರುಮಾಲೆಯವರು ನಿಂತು ಬರೆದ ನಿಸರ್ಗ ಒಬ್ಬ ಕಸುಬುದಾರನ ದಶಕಗಳ ದುಡಿಮೆ. ಇನ್ನೊಂದು ಸಂಗತಿ: ಐವತ್ತರ ನಂತರ ಕುಂಚ ಹಿಡಿದ ಆ ಕಣ್ಣಿಗೆ ಅಷ್ಟು ವರ್ಷ ಚಿತ್ರ ಬರೆಯದ ಹಸಿವಿತ್ತು. ಅವರ ಬಣ್ಣದ ಬಿರುಸಿನಲ್ಲಿ ಆ ಹಸಿವು ಗೊತ್ತಾಗುತ್ತದೆ. ಬಿಡುವು ಸಹ ಚಿತ್ರಕಾರನ ತಯಾರಿಯ ಭಾಗವಾಗಬಲ್ಲದು ಎಂಬುದಕ್ಕೆ ನನಗೆ ಅವರೇ ಸಾಕ್ಷಿ. ಈಗ ರಸ್ತೆ ಅಗಲ ಮಾಡಲು ಉರುಳಿಸುವ ಒಂದೊಂದು ಮರದ ಜೊತೆ ಅವರ ಚಿತ್ರಗಳ ಒಂದೊಂದು ಮೂಲ ಹೋಗುತ್ತಿದೆ.

ಉತ್ತರ ಕರ್ನಾಟಕದ ಪರಂಪರೆ ಬೇರೆ. ಧಾರವಾಡದ ಹಾಲಭಾವಿಯವರ ಕಲಾಶಾಲೆಯಲ್ಲಿ, ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರ ಬಳಿ ಕಲಿತವರಿಗೆ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಬರೆಯುವುದು ಮತ್ತು ಬಯಲಿಗೆ ಹೋಗಿ ಬರೆಯುವುದು ನಿತ್ಯದ ಪಾಠ. ಕಲಬುರ್ಗಿಯ ಎಸ್.ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಗೆ ಬರೆದು ಮನೆಮನೆಯ ಗೋಡೆ ತಲುಪಿದರು. ಬೇಡಿಕೆ, ದಿನಾಂಕ, ಅಚ್ಚಿನ ಅಳತೆ ಎಲ್ಲ ಗೊತ್ತುಮಾಡಿದ ಮೇಲೆ ಬರೆದ ಚಿತ್ರಕ್ಕೆ ಸ್ಫೂರ್ತಿ ಇಲ್ಲವೆಂದು ಮೂಗು ಮುರಿಯುವವರು ಮೈಸೂರಿನ ಧ್ಯಾನಶ್ಲೋಕದ ಚಿತ್ರಗಾರನಿಗೂ ಎಲ್ಲ ಮೊದಲೇ ಹೇಳಿಯಾಗಿತ್ತು ಎಂಬುದನ್ನು ನೆನೆಯಬೇಕು. ಹೊತ್ತಿನ ಕಟ್ಟಿನೊಳಗೆ ಬರೆದ ಇನ್ನೊಬ್ಬರು ಶತಾವಧಾನಿ ಆರ್. ಗಣೇಶರೊಂದಿಗೆ ಕಾವ್ಯಚಿತ್ರ ಕಾರ್ಯಕ್ರಮಗಳಲ್ಲಿ ಸಾವಿರಾರು ಜನರ ಎದುರು ನಿಮಿಷಗಳಲ್ಲಿ ಬರೆದು ಮುಗಿಸುತ್ತಿದ್ದ ಬಿ.ಕೆ.ಎಸ್. ವರ್ಮಾ. ಪದ್ಯ ಕಿವಿಗೆ ಬಿದ್ದೊಡನೆ ಕೈ ಓಡುತ್ತಿತ್ತು. ಜನ ಅದನ್ನು ಪವಾಡವೆಂದು ನೋಡಿದರು. ಆ ವೇಗದ ಹಿಂದೆ ಇದ್ದದ್ದು ಮನುಷ್ಯನ ಮೈಕಟ್ಟನ್ನು ಕಣ್ಣು ಮುಚ್ಚಿಯೂ ಬರೆಯಬಲ್ಲಷ್ಟು ಅಭ್ಯಾಸ.

ಸಾಹಿತ್ಯ ಚಿತ್ರಕ್ಕೆ ಮೂಲವಾಗುವ ಬಗೆಯನ್ನು ಎಸ್.ಜಿ. ವಾಸುದೇವ್ ಅವರಷ್ಟು ಆಳವಾಗಿ ತೋರಿಸಿದವರು ಕನ್ನಡದಲ್ಲಿ ಕಡಿಮೆ. 1941ರಲ್ಲಿ ಮೈಸೂರಿನಲ್ಲಿ ಹುಟ್ಟಿ ಮದ್ರಾಸಿನಲ್ಲಿ ಕಲಿತು, ಗುರು ಕೆ.ಸಿ.ಎಸ್. ಪಣಿಕ್ಕರ್ ಅವರೊಂದಿಗೆ 1966ರಲ್ಲಿ ಚೋಳಮಂಡಲ ಕಲಾಗ್ರಾಮ ಕಟ್ಟಿದವರಲ್ಲಿ ಒಬ್ಬರಾದರು. ಅಲ್ಲಿನ ಕಲಾವಿದರು ಹೊಟ್ಟೆಪಾಡಿಗೆ ಬಾಟಿಕ್, ಲೋಹದ ಕೆಲಸ, ಚರ್ಮದ ಕೆಲಸ ಮಾಡಿ ಮಾರುತ್ತಿದ್ದರು, ಚಿತ್ರವನ್ನು ಮಾರುಕಟ್ಟೆಯ ಹಂಗಿಲ್ಲದೆ ಬರೆಯುತ್ತಿದ್ದರು. ಬದುಕಿಗೆಂದು ಹಿಡಿದ ಕಸುಬು ಆಮೇಲೆ ಚಿತ್ರದೊಳಗೂ ಬಂತು. ವಾಸುದೇವ್ ಅವರ ತಾಮ್ರದ ಉಬ್ಬುಫಲಕಗಳು, ರೇಷ್ಮೆಯಲ್ಲಿ ನೇಯಿಸಿದ ಚಿತ್ರಪಟಗಳು ಆ ದಿನಗಳ ಬೆಳೆ.

ಅವರ ಹೆಸರಿನೊಂದಿಗೆ ಅಂಟಿಕೊಂಡ ‘ವೃಕ್ಷ’ ಸರಣಿಗೆ ಬೇಂದ್ರೆಯವರ ಕಲ್ಪವೃಕ್ಷದ ಕವಿತೆ ಪ್ರೇರಣೆ ಎಂಬುದು ಪ್ರಸಿದ್ಧ ಸಂಗತಿ. ಕವಿತೆಯಲ್ಲಿ ಬಂದ ಮರವನ್ನೇ ಅವರು ಬರೆದರು ಎಂದುಕೊಂಡರೆ ಚಿತ್ರ ಕೈ ತಪ್ಪುತ್ತದೆ. ಬೇಂದ್ರೆಯವರಲ್ಲಿ ಒಂದು ಮಾತು ಇನ್ನೊಂದನ್ನು ಎಬ್ಬಿಸುತ್ತದೆ, ನಾದ ನಾದವನ್ನು ಹಡೆಯುತ್ತದೆ. ವಾಸುದೇವರ ಮರದಲ್ಲಿ ಎಲೆಯೊಳಗೆ ಹಕ್ಕಿ, ಹಕ್ಕಿಯೊಳಗೆ ಹೆಣ್ಣುಗಂಡು, ಅವರ ಮೈಯಿಂದ ಮತ್ತೆ ಟೊಂಗೆ. ಕವಿತೆಯ ಅರ್ಥಕ್ಕಿಂತ ಕವಿತೆ ಬೆಳೆಯುವ ರೀತಿ ಚಿತ್ರಕ್ಕೆ ದಾಟಿದೆ. ಮುಂದೆ ಎ.ಕೆ. ರಾಮಾನುಜನ್ನರ ಕವಿತೆಗಳಿಗೆ ರೇಖಾಚಿತ್ರ ಬರೆದಾಗಲೂ, ‘ಸಂಸ್ಕಾರ’ ಸಿನಿಮಾದ ಕಲೆಯಲ್ಲಿ ಕೈಜೋಡಿಸಿದಾಗಲೂ, ಧಾರವಾಡದ ಮನೋಹರ ಗ್ರಂಥಮಾಲೆಯ ಪುಸ್ತಕಗಳಿಗೆ ಮುಖಪುಟ ಬರೆದಾಗಲೂ ಅವರು ಬರಹದ ಜೊತೆ ಒಡನಾಡಿದರು, ಅದರ ಕೆಳಗೆ ನಿಂತು ವಿವರಣೆ ಕೊಡಲಿಲ್ಲ. ಆ ಕಾಲದ ಕನ್ನಡದಲ್ಲಿ ಕವಿ, ನಾಟಕಕಾರ, ಚಿತ್ರಕಾರ ಒಬ್ಬರ ಮನೆಗೆ ಒಬ್ಬರು ಬಂದುಹೋಗುತ್ತಿದ್ದರು. ಈಗ ಚಿತ್ರಕಾರರು ಕವಿತೆ ಓದುವುದೂ, ಕವಿಗಳು ಪ್ರದರ್ಶನಕ್ಕೆ ಬರುವುದೂ ಎರಡೂ ಕಡಿಮೆಯಾಗಿದೆ, ಇದರಿಂದ ಎರಡೂ ಕಡೆ ನಷ್ಟವಾಗಿದೆ.

ಇಷ್ಟೆಲ್ಲ ಹೇಳಿದರೂ ಒಂದು ಚಿತ್ರ ಕ್ಯಾನ್‌ವಾಸಿನ ಮೇಲೆ ದಿನದಿನಕ್ಕೂ ಹೇಗೆ ಬದಲಾಯಿತು ಎಂಬ ಮಾತು ಬಂದಾಗ ನಮ್ಮ ಕೈ ಬರಿದು. ಪಿಕಾಸೊನ ‘ಗರ್ನಿಕಾ’ ವಿಷಯದಲ್ಲಿ ಹಾಗಿಲ್ಲ. 1937ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಸ್ಪೇನಿನ ಸರಕಾರ ದೊಡ್ಡ ಚಿತ್ರವೊಂದನ್ನು ಕೇಳಿದಾಗ ಅವನ ತಲೆಯಲ್ಲಿದ್ದದ್ದು ಚಿತ್ರಕಾರ ಮತ್ತು ಅವನ ಮಾಡೆಲ್ ಎಂಬ ಹಳೆಯ ವಸ್ತು. ತಿಂಗಳುಗಳು ಹೋದರೂ ಕೆಲಸ ಸಾಗಲಿಲ್ಲ. ಏಪ್ರಿಲ್ 26ರಂದು ಸ್ಪೇನಿನ ಗರ್ನಿಕಾ ಊರಿನ ಮೇಲೆ ಬಾಂಬ್ ಬಿತ್ತು, ಮೇ 1ರಂದು ಮೊದಲ ಸ್ಕೆಚ್ ಬಂತು, ಜೂನ್ ಮೊದಲ ವಾರದ ಹೊತ್ತಿಗೆ ಸುಮಾರು ಎಂಟು ಮೀಟರ್ ಅಗಲದ ಚಿತ್ರ ಮುಗಿದಿತ್ತು. ಛಾಯಾಗ್ರಾಹಕಿ ಡೋರಾ ಮಾರ್ ಹಂತಹಂತವಾಗಿ ತೆಗೆದ ಫೋಟೊಗಳಲ್ಲಿ ಮುಷ್ಟಿ ಬಿಗಿದು ಮೇಲೆತ್ತಿದ ಒಂದು ತೋಳು ಮೊದಲು ಕಾಣುತ್ತದೆ, ಆಮೇಲೆ ಅಳಿಸಿಹೋಗುತ್ತದೆ. ಘೋಷಣೆಯಂತಿದ್ದ ಆ ತೋಳನ್ನು ತೆಗೆದದ್ದರಿಂದಲೇ ಚಿತ್ರ ಘೋಷಣೆಯ ಆಚೆಗೆ ಹೋಯಿತು. ಆ ಕುದುರೆ, ಗೂಳಿಗಳನ್ನು ಅವನು ಅದಕ್ಕೂ ಮೊದಲು ಬೇರೆ ಕೆಲಸಗಳಲ್ಲಿ ಪಳಗಿಸಿಕೊಂಡಿದ್ದ. ದುರಂತ ಬಂದ ದಿನ ಕೈಯಲ್ಲಿ ಆಕೃತಿಗಳು ಸಿದ್ಧವಿದ್ದವು.

ಇದನ್ನು ನಾವು ಇಷ್ಟು ನಿಖರವಾಗಿ ಹೇಳಬಲ್ಲೆವೆಂದರೆ ಸ್ಕೆಚ್ಚುಗಳಿಗೆ ದಿನಾಂಕವಿದೆ, ಫೋಟೊಗಳಿವೆ, ಎಲ್ಲವನ್ನೂ ಜೋಪಾನ ಮಾಡಿದವರಿದ್ದಾರೆ. ನಮ್ಮಲ್ಲಿ ಕಲಾವಿದ ತೀರಿಕೊಂಡ ಮೇಲೆ ಮುಗಿದ ಚಿತ್ರಗಳಿಗೆ ಕೊಳ್ಳುವವರು ಬರುತ್ತಾರೆ. ಸ್ಕೆಚ್ ಪುಸ್ತಕ, ಅರ್ಧಕ್ಕೆ ನಿಂತ ಹಾಳೆ, ಬಣ್ಣ ಪರೀಕ್ಷಿಸಿದ ಚೂರು ಕಾಗದ, ಪತ್ರಗಳು ಅಟ್ಟಕ್ಕೋ ರದ್ದಿಗೋ ಹೋಗುತ್ತವೆ. ಮನೆಯವರನ್ನು ದೂರಿ ಫಲವಿಲ್ಲ, ಅವುಗಳಿಗೆ ಬೆಲೆಯಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯಲ್ಲಿ ವೆಂಕಟಪ್ಪನವರ ಚಿತ್ರಗಳಿವೆ, ಹೆಬ್ಬಾರರು ಕೊಟ್ಟ ಚಿತ್ರಗಳೂ ಇವೆ. ವೀಣೆ ಮತ್ತು ಕಥಕ್ ಎರಡೂ ಒಂದೇ ಸೂರಿನಡಿ ಸಿಗುವ ಜಾಗ ಅದು. ಊಟಿಯ ಒಂದು ಜಲವರ್ಣದ ಪಕ್ಕದಲ್ಲಿ ಆ ದಿನಗಳ ದಿನಚರಿಯ ಒಂದು ಪುಟದ ಪ್ರತಿ, ಹೆಬ್ಬಾರರ ಎಣ್ಣೆಚಿತ್ರವೊಂದರ ಪಕ್ಕದಲ್ಲಿ ಅದಕ್ಕೆ ಮೊದಲು ಬರೆದ ನಾಲ್ಕು ಸ್ಕೆಚ್ಚು, ಗೋಡೆಯ ಕೊನೆಯಲ್ಲಿ ಪುಂಡಿ ನಾರು ಮತ್ತು ಹುಣಸೆ ಕಡ್ಡಿಯ ಇದ್ದಿಲು ಇಟ್ಟರೆ, ಶಾಲೆಯಿಂದ ಬಂದ ಮಕ್ಕಳಿಗೆ ಯಾವ ಭಾಷಣವೂ ಬೇಕಾಗುವುದಿಲ್ಲ. ಅದಕ್ಕೆ ಬೇಕಾದ ಸಾಮಗ್ರಿಯನ್ನು ಮನೆಮನೆಗಳಿಂದ ಈಗಲೇ ಕೇಳಿ ತರಬೇಕು.